ಮೂರು ಮನೆ ಆಚೆಯ ಹೆಸರು

ಭಾವ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದರು. “ಸಿಕ್ಕಿಬಿದ್ದ ನೋಡು ಕಳ್ಳ,” ಎಂದು ಪರದೆಯತ್ತ ಬೆರಳು ಚಾಚಿದರು. ಬೆಳಗಿನಿಂದ ಕಳೆಗುಂದಿದ್ದ ಮುಖದಲ್ಲಿ ಕಿವಿಯ ತುದಿ ಮಾತ್ರ ಕೆಂಪಗಾಗಿತ್ತು.

ಪುಟ್ಟಿ ತನ್ನ ಮೇಜಿನಿಂದ ಎದ್ದು ಬಂದಳು. ತಲೆಯಲ್ಲಿ ಆಗಲೇ ನಾಲ್ಕು ಬಿಳಿಕೂದಲು ಕಾಣಿಸಿಕೊಂಡಿರುವ ತನ್ನನ್ನು ಪುಟ್ಟಿ ಎಂದು ಕರೆಯುವವರು ಅಕ್ಕ ಮತ್ತು ಭಾವ ಮಾತ್ರ ಎಂದು ಅವಳು ನಂಬಿದ್ದಳು. ನಿಜ ಹೇಳಬೇಕೆಂದರೆ ಆಫೀಸಿನಲ್ಲಿ, ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ, ಕೊನೆಗೆ ಕೆಳಗಿನ ಮುದ್ರಣಾಲಯದಲ್ಲೂ ಅವಳಿಗೆ ಬೇರೆ ಹೆಸರಿರಲಿಲ್ಲ.

ಅಕ್ಕನ ಗಂಡನ ಕಂಪನಿ ದೊಡ್ಡದೇನಲ್ಲ. ಮುದ್ರಣಾಲಯದ ಮೇಲಿನ ಮಹಡಿಯಲ್ಲಿ ಮೂರು ಕೋಣೆ. ಕೆಳಗೆ ದೊಡ್ಡ ಯಂತ್ರ ಶುರುವಾದರೆ ಮೇಲೆ ಮೇಜಿನ ಮೇಲಿನ ಲೋಟ ನಡುಗುತ್ತದೆ. ಡಯಾಲಿಸಿಸ್ ಯಂತ್ರದ ಒಡಲನ್ನು ಬೇರೆ ಯಾರೋ ತಯಾರಿಸುತ್ತಾರೆ. ರೋಗಿಯ ರಕ್ತವನ್ನು ಹೊರಗೆ ತೆಗೆದು, ತೊಳೆದು, ವಾಪಸು ಕಳಿಸುವ ಅಷ್ಟೂ ಹೊತ್ತು ಪಂಪು, ಒತ್ತಡ, ಅಲಾರಂಗಳನ್ನು ಕಾಯುವ ಪ್ರೋಗ್ರಾಂ ಮಾತ್ರ ಇವರದು. ಭಾವ ಅದನ್ನು ಬರೆಯುತ್ತಾರೆ, ಪುಟ್ಟಿ ಪರೀಕ್ಷೆ ಮಾಡುತ್ತಾಳೆ. ಇಬ್ಬರೂ ಒಂದೇ ಓದು ಓದಿದವರು. ಭಾವ ಹತ್ತು ವರ್ಷ ಮೊದಲು ಓದಿದರು ಅಷ್ಟೇ.

ಆ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಎರಡು ಯಂತ್ರ ಚಿಕಿತ್ಸೆಯ ನಡುವೆಯೇ ನಿಂತುಬಿಟ್ಟಿದ್ದವು. ಪರದೆ ಕಪ್ಪಾಗಿ, ಪಂಪು ನಿಂತು, ನಳಿಕೆಯನ್ನು ಹಿಸುಕುವ ಕ್ಲಾಂಪ್ ಮುಚ್ಚಿಕೊಂಡಿತ್ತು. ನಿಂತ ರಕ್ತ ನಳಿಕೆಯಲ್ಲೇ ಹೆಪ್ಪುಗಟ್ಟುತ್ತದೆ. ವಾರ್ಡಿನ ಸಿಸ್ಟರ್ ಕ್ಲಾಂಪಿನಿಂದ ನಳಿಕೆ ಬಿಡಿಸಿ, ಪಂಪಿಗೆ ಕೈಹಿಡಿ ಸಿಕ್ಕಿಸಿ, ಬಾವಿಯ ರಾಟೆ ತಿರುಗಿಸುವ ಹಾಗೆ ತಿರುಗಿಸಿ, ಇಬ್ಬರ ರಕ್ತವನ್ನೂ ಮೈಗೆ ವಾಪಸು ಕಳಿಸಿದ್ದರು. ಯಾರಿಗೂ ಏನೂ ಆಗಲಿಲ್ಲ. ಆಮೇಲೆ ಅವರು ವಾರ್ಡಿನ ಎಲ್ಲ ಯಂತ್ರಗಳನ್ನೂ ಆರಿಸಿ, ಮಧ್ಯಾಹ್ನದ ಪಾಳಿಯ ರೋಗಿಗಳನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಆ ಬೆಂಚಿನ ತುದಿಯಲ್ಲಿ ಭಾವನ ತಾಯಿ ಕೂತಿದ್ದರು. ಪಕ್ಕದಲ್ಲಿ ಅಕ್ಕ.

“ಯಾರು ಕಳ್ಳ?” ಎಂದಳು ಪುಟ್ಟಿ.

“ಗುಳ್ಳೆ ನೋಡೋದು.”

ಪ್ರೋಗ್ರಾಂ ಸಾಯುವಾಗ ಯಂತ್ರ ಒಂದು ದಾಖಲೆ ಉಳಿಸುತ್ತದೆ: ಕೊನೆಯ ಗಳಿಗೆಯಲ್ಲಿ ಯಾವ ಕೆಲಸ ನಡೆಯುತ್ತಿತ್ತು, ಅದನ್ನು ಯಾವುದು ಕರೆದಿತ್ತು, ಅದನ್ನು ಇನ್ಯಾವುದು. ಸ್ಪ್ಯಾನರ್ ಅದನ್ನು ಆಸ್ಪತ್ರೆಯಿಂದ ಕಳಿಸಿದ್ದ. ಸ್ಪ್ಯಾನರ್ ಎಂದರೆ ಕಂಪನಿಯ ರಿಪೇರಿಯವನು. ಜೇಬಿನಲ್ಲಿ ಸದಾ ಸ್ಪ್ಯಾನರ್ ಇಟ್ಟುಕೊಂಡು ಮದುವೆ ಮನೆಗೂ ಹೋಗಿ ಬಂದವನು. ಪರದೆಯ ಮೇಲೆ ಈಗ ಮೂರು ಹೆಸರು ಒಂದರ ಕೆಳಗೊಂದು ನಿಂತಿದ್ದವು. ಬುಡದಲ್ಲಿ ಪ್ರೋಗ್ರಾಮಿನ ಮುಖ್ಯ ಸುತ್ತು. ಅದರ ಮೇಲೆ ಗುಂಡಿ ಒತ್ತಿದ್ದನ್ನು ಗಮನಿಸುವ ಭಾಗ. ತುದಿಯಲ್ಲಿ, ಸತ್ತ ಜಾಗದಲ್ಲಿ, ಗಾಳಿಗುಳ್ಳೆ ಪರೀಕ್ಷೆ.

ಗಾಳಿ ರಕ್ತನಾಳ ಸೇರಿದರೆ ಜೀವಕ್ಕೇ ಸಂಚಕಾರ. ಆದ್ದರಿಂದ ಆ ಭಾಗ ಎರಡು ಸಲ ನೋಡುತ್ತದೆ. ಮೊದಲ ನೋಟ ದೊಡ್ಡ ಗುಳ್ಳೆಗೆ. ಎರಡನೆಯದು ನೊರೆಯಂಥ ಸಣ್ಣ ಗುಳ್ಳೆಗಳನ್ನು ಕೂಡಿಸುತ್ತಾ ಹೋಗಿ, ಮಿತಿ ದಾಟಿದರೆ ಕ್ಲಾಂಪ್ ಮುಚ್ಚುತ್ತದೆ.

“ಎರಡನೇ ನೋಟದಲ್ಲೇ ಸತ್ತಿದೆ. ಕೂಡಿಸೋ ಕಡೆ ಏನೋ ಎಡವಟ್ಟು. ಸದ್ಯಕ್ಕೆ ಅದನ್ನ ಆಫ್ ಮಾಡಿದೀನಿ,” ಎಂದರು ಭಾವ. “ಇಲ್ಲಿರೋ ಯಂತ್ರಕ್ಕೆ ಹಾಕಿ, ಸಿರಿಂಜಲ್ಲಿ ಗಾಳಿ ಬಿಟ್ಟು ನೋಡಿದೆ. ಟಪ್ ಅಂತ ಮುಚ್ಕೊಳ್ತು. ಸ್ಪ್ಯಾನರ್‌ಗೆ ಕಳಿಸಿಯೂ ಆಯ್ತು.”

“ಕಳಿಸಿಯೂ ಆಯ್ತಾ? ನಾನು ನೋಡೋಕ್ ಮುಂಚೆ?”

“ಅಮ್ಮ ಬೆಂಚಲ್ಲಿ ಕೂತಿದಾಳೆ ಪುಟ್ಟಿ. ನಾನು ನಿನಗೆ ನಮೂನೆ ತುಂಬಿ, ಸಹಿ ಹಾಕಿ, ನೀನು ಕನ್ನಡಕ ಒರೆಸಿ ನೋಡೋಷ್ಟು ಹೊತ್ತಿಲ್ಲ.”

ಪುಟ್ಟಿ ಆ ಮೂರು ಹೆಸರುಗಳನ್ನೇ ನೋಡುತ್ತಿದ್ದಳು. ಗುಂಡಿಯ ಭಾಗ ಗುಳ್ಳೆಯ ಭಾಗವನ್ನು ಕರೆಯುವುದೆಂದರೆ ಬಾಗಿಲು ಬಡಿದಿದ್ದಕ್ಕೆ ಎದುರುಮನೆಯವರು ಬಂದು ತೆಗೆದ ಹಾಗೆ. ಗುಳ್ಳೆ ಪರೀಕ್ಷೆಯನ್ನು ಕರೆಯುವುದು ಅದರದ್ದೇ ಗಡಿಯಾರ. ಮನುಷ್ಯರು ಯಾವ ಗುಂಡಿ ಒತ್ತಿದರೂ ಅದಕ್ಕೆ ಸಂಬಂಧವಿಲ್ಲ.

“ಭಾವ, ಗುಂಡಿಯಿಂದ ಗುಳ್ಳೆಗೆ ದಾರಿ ಎಲ್ಲಿದೆ?”

“ನಡುವೆ ಒಂದೆರಡು ಮೆಟ್ಟಿಲನ್ನ ಕಂಪೈಲರ್ ನುಂಗಿರುತ್ತೆ. ವೇಗಕ್ಕೆ ಅಂತ ನುಂಗುತ್ತೆ, ಗೊತ್ತಲ್ಲ ನಿನಗೆ.”

ಗೊತ್ತಿತ್ತು. ಅವರ ಮಾತು ಸುಳ್ಳಲ್ಲ; ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಹಾಗೆ ಮಾಡುವುದು ದಿನಾ ಆಗುವಂಥದೇ. ಆದರೆ ನುಂಗುವುದಕ್ಕೂ ಅಲ್ಲೊಂದು ದಾರಿ ಇದ್ದಿರಬೇಕು.

“ಸಾಲು ಯಾವುದು ತೋರಿಸ್ತಿದೆ?”

ಭಾವ ಬಗ್ಗಿ ತೆರೆದರು. ಪ್ರೋಗ್ರಾಂ ಸತ್ತಿದ್ದು ಇಲ್ಲೇ ಎಂದು ತೋರಿಸಿದ ಸಾಲಿನಲ್ಲಿ ಒಂದು ಕೂಡಿಕೆ ಮಾತ್ರ ಇತ್ತು. ಎರಡು ಸಂಖ್ಯೆ ಕೂಡಿಸಿ ಯಾವ ಪ್ರೋಗ್ರಾಮೂ ಸಾಯುವುದಿಲ್ಲ.

“ಒಂದೆರಡು ಸಾಲು ಆಚೀಚೆ ಆಗಿರುತ್ತೆ,” ಎಂದರು ಭಾವ. ಈ ಸಲ ದನಿ ಸ್ವಲ್ಪ ತಗ್ಗಿತ್ತು.

“ಈ ಹೆಸರೆಲ್ಲ ಎಲ್ಲಿಂದ ಬಂತು? ಆಸ್ಪತ್ರೆ ಪ್ರೋಗ್ರಾಮಿನ ಸಿಂಬಲ್ ಫೈಲು ನಮ್ಮ ಹತ್ರ ಇಲ್ವಲ್ಲ.”

ಈ ಪ್ರಶ್ನೆಯ ಹಿಂದೆ ಒಂದು ಕತೆಯಿದೆ. ಬರೆಯುವಾಗ, ಅಂದರೆ ಸೋರ್ಸಿನಲ್ಲಿ, ಪ್ರೋಗ್ರಾಮಿನ ಪ್ರತಿ ಭಾಗಕ್ಕೂ ಹೆಸರಿರುತ್ತದೆ. ಕಂಪೈಲ್ ಆದ ಮೇಲೆ ಯಂತ್ರಕ್ಕೆ ಹೆಸರು ಬೇಕಿಲ್ಲ; ಇಂಥ ಸಂಖ್ಯೆಯ ಮನೆಗೆ ಹೋಗು ಎಂದರೆ ಸಾಕು. ಯಾವ ಮನೆ ಯಾರದು, ಯಾವ ಫೈಲಿನ ಎಷ್ಟನೇ ಸಾಲಿನಿಂದ ಹುಟ್ಟಿದ್ದು, ಯಾವ ಅಂಕಿ ಯಾವ ಮೂಲೆಯಲ್ಲಿ ಕೂತಿದೆ ಎಂಬ ವಿವರಗಳೆಲ್ಲ ಅದೇ ಫೈಲಿನ ಹಿಂಭಾಗದಲ್ಲಿ, ಬೇರೆಯೇ ವಿಭಾಗಗಳಲ್ಲಿ ಇರುತ್ತವೆ. ಪ್ರೋಗ್ರಾಂ ಓಡುವಾಗ ಆ ಕಡೆ ಯಾರೂ ತಲೆ ಹಾಕುವುದಿಲ್ಲ. ಪ್ರೋಗ್ರಾಂ ಕೆಟ್ಟಾಗ ಡೀಬಗರ್ ಎಂಬ ಸಲಕರಣೆಯಿಂದ ತಪ್ಪು ಹುಡುಕುವವರಿಗೆ ಮಾತ್ರ ಅದು ಬೇಕು. ಡಯಾಲಿಸಿಸ್ ಯಂತ್ರದಲ್ಲಿ ಜಾಗ ಕಡಿಮೆ. ಆದ್ದರಿಂದ ಆ ಹಿಂಭಾಗವನ್ನು ಕತ್ತರಿಸಿ ಆಫೀಸಿನಲ್ಲಿ ಸಿಂಬಲ್ ಫೈಲು ಎಂದು ಬೇರೆಯಾಗಿ ಇಟ್ಟುಕೊಂಡು, ಮುಂಭಾಗವನ್ನಷ್ಟೇ ಆಸ್ಪತ್ರೆಗೆ ಕಳಿಸುತ್ತಾರೆ. ಒಂದೇ ಬಸಿರಿನ ಎರಡು ತುಂಡು ಎಂದು ಗೊತ್ತಾಗಲು ಎರಡರ ಮೇಲೂ ಒಂದೇ ಗುರುತು ಕೂತಿರುತ್ತದೆ. ಒಳಗೆ ಒಂದಕ್ಷರ ಬದಲಾದರೂ ಗುರುತು ಬೇರೆಯಾಗುತ್ತದೆ.

ಆಸ್ಪತ್ರೆಗೆ ಯಂತ್ರ ಒಪ್ಪಿಸಿದ ದಿನ ಕಂಪನಿಯ ಸರ್ವರ್ ಕೆಟ್ಟಿತ್ತು. ಭಾವ ತಮ್ಮ ಲ್ಯಾಪ್‌ಟಾಪಿನಲ್ಲೇ ಕಂಪೈಲ್ ಮಾಡಿ ಕೊಟ್ಟು ಬಂದಿದ್ದರು. ಹಿಂಭಾಗ ಆ ಲ್ಯಾಪ್‌ಟಾಪಿನಲ್ಲೇ ಉಳಿಯಿತು. ಆಮೇಲೆ ಲ್ಯಾಪ್‌ಟಾಪ್ ಹಳತಾಯಿತು, ಡಿಸ್ಕ್ ಅಳಿಸಿ ಮಗಳಿಗೆ ಕೊಟ್ಟರು. ಇದರಲ್ಲಿ ಗುಟ್ಟೇನಿಲ್ಲ, ಭಾವ ಬೆಳಿಗ್ಗೆಯೇ ಹೇಳಿಕೊಂಡು ಹಣೆ ಚಚ್ಚಿಕೊಂಡಿದ್ದರು.

“ಅದೇ ಸೋರ್ಸ್, ಅದೇ ಕಂಪೈಲರ್. ಇವತ್ತು ಮತ್ತೆ ಕಂಪೈಲ್ ಮಾಡಿ ಸಿಂಬಲ್ ತಗೊಂಡೆ.”

“ಗುರುತು ಹೊಂದಿತಾ?”

ಭಾವ ಲೋಟ ಎತ್ತಿ ನೀರು ಕುಡಿದರು.

“ಭಾವ. ಗುರುತು ಹೊಂದಿತಾ?”

“ಇಲ್ಲ. ಡೀಬಗರ್ ಬೇಡ ಅಂತು. ಒತ್ತಾಯ ಮಾಡಿ ಕೂರಿಸಿದೆ. ಅದೇ ಸೋರ್ಸ್ ಕಣೇ! ಒಂದು ಅಲ್ಪವಿರಾಮ ಕೂಡ ಬದಲಾಗಿಲ್ಲ. ಗುರುತು ಅನ್ನೋದು ಬಹಳ ಮುನಿಸಿನ ಪ್ರಾಣಿ, ಸಣ್ಣದಕ್ಕೆಲ್ಲ ಬದಲಾಗುತ್ತೆ. ಬುಡದ ಎರಡು ಹೆಸರು ಸರಿಯಾಗಿ ಬಂದಿದೆ ತಾನೇ? ಮುಖ್ಯ ಸುತ್ತು, ಗುಂಡಿ. ಅವೆರಡು ಸರಿ ಇದ್ದ ಮೇಲೆ ಮೂರನೇದು ಯಾಕೆ ತಪ್ಪಾಗುತ್ತೆ?”

ಅದೇ ಪುಟ್ಟಿಯನ್ನೂ ಕಾಡಿದ್ದು. ಪೂರಾ ತಪ್ಪಾಗಿದ್ದರೆ ಮೂರೂ ಅಡ್ಡಾದಿಡ್ಡಿ ಬರಬೇಕಿತ್ತು, ನೋಡಿದ ಕೂಡಲೇ ನಗು ಬರುವಂತೆ. ಎರಡು ಸರಿ, ಒಂದು ಅನುಮಾನ. ಅನುಮಾನದ ಮೇಲೆ ಒಂದು ಪಾಳಿಯ ಡಯಾಲಿಸಿಸ್ ನಿಲ್ಲಿಸುವುದು ಸುಲಭದ ಮಾತಲ್ಲ.

ಮೇಜಿನ ಮೇಲೆ ಅವಳ ಫೋನು ಅದುರಿತು. ಅಕ್ಕ.

“ಏನ್ ನಡೀತಿದೆ ಅಲ್ಲಿ? ಅತ್ತೆಗೆ ಉಸಿರು ಸಾಕಾಗ್ತಿಲ್ಲ ಕಣೇ. ರಕ್ತದ ವರದಿ ಬಂತು. ಪೊಟ್ಯಾಸಿಯಂ ಏರಿದೆಯಂತೆ, ಇವತ್ತು ತಪ್ಪಿಸೋ ಹಾಗೇ ಇಲ್ಲ ಅಂದ್ರು ಡಾಕ್ಟ್ರು. ಇನ್ನೊಂದು ಆಸ್ಪತ್ರೇಲಿ ಕೇಳಿದೆ, ನಾಳೆವರೆಗೆ ಒಂದು ಯಂತ್ರವೂ ಖಾಲಿ ಇಲ್ಲ.”

ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. ಏದುಸಿರಿನಲ್ಲೂ ಮೊನಚು ಹೋಗಿರಲಿಲ್ಲ. “ಅವನಿಗೆ ಹೇಳು, ಸಣ್ಣವನಿದ್ದಾಗ ರೇಡಿಯೋ ಬಿಚ್ಚಿಟ್ಟು ನಾಲ್ಕು ಸ್ಕ್ರೂ ಮಿಗಿಸಿದ್ದ. ಇದರಲ್ಲಿ ಎಷ್ಟು ಮಿಗಿಸಿದಾನೆ ಅಂತ ಕೇಳು.”

“ಕೇಳಿಸ್ತಾ?” ಎಂದಳು ಅಕ್ಕ. ನಗಲು ಹೋಗಿ ದನಿ ಒಡೆಯಿತು. “ಸ್ಪ್ಯಾನರ್ ನಾಲ್ಕನೇ ಯಂತ್ರಕ್ಕೆ ಏನೋ ಹಾಕ್ತಿದಾನೆ. ಅದು ಆದ ತಕ್ಷಣ ಅತ್ತೇನೇ ಮೊದಲು ಅಂದಿದಾರೆ ಸಿಸ್ಟರ್. ಹಾಕ್ತಿರೋದು ಸರಿಯಾಗಿದೆ ತಾನೇ ಪುಟ್ಟಿ?”

ಪುಟ್ಟಿ ಭಾವನ ಮುಖ ನೋಡಿದಳು. ಭಾವ ಕಿಟಕಿಯ ಕಡೆ ತಿರುಗಿದರು.

“ಒಂದ್ನಿಮಿಷದಲ್ಲಿ ಫೋನ್ ಮಾಡ್ತೀನಿ ಅಕ್ಕ,” ಎಂದು ಫೋನಿಟ್ಟಳು.

ತನ್ನ ಮೇಜಿಗೆ ಓಡಿ ಕೂತಳು. ಆಸ್ಪತ್ರೆಯಲ್ಲಿದ್ದ ಪ್ರೋಗ್ರಾಮಿನ ಪ್ರತಿ ಒಂದು ಕಡೆ. ಭಾವ ಇವತ್ತು ಮತ್ತೆ ಕಂಪೈಲ್ ಮಾಡಿದ್ದರ ಹಿಂಭಾಗ ಕತ್ತರಿಸಿದ ಪ್ರತಿ ಇನ್ನೊಂದು ಕಡೆ. ಅವಳ ತರ್ಕ ಸರಳವಾಗಿತ್ತು: ಅದೇ ಸೋರ್ಸ್, ಅದೇ ಕಂಪೈಲರ್ ಆಗಿದ್ದರೆ ಎರಡೂ ಒಂದೇ ಆಗಿರಬೇಕು. ಒಂದೇ ಆಗಿರಲಿಲ್ಲ. ಹೊಸದು ಕೊಂಚ ದೊಡ್ಡದಿತ್ತು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು, ಮೊಟ್ಟಮೊದಲು ಎಲ್ಲಿ ಬೇರೆಯಾಗುತ್ತವೆ ಎಂದು ಹುಡುಕಿದಳು.

ಬೇರೆಯಾಗಿದ್ದು ಕೋಡಿನಲ್ಲಿ ಅಲ್ಲ, ಒಂದು ವಿಳಾಸದಲ್ಲಿ.

ಇವರ ಪ್ರೋಗ್ರಾಮಿನ ಪ್ರತಿ ಫೈಲಿನಲ್ಲೂ “ಇಂಥ ಫೈಲಿನಲ್ಲಿ ತಪ್ಪಾಯಿತು” ಎಂದು ಹೇಳುವ ಒಂದು ಸಂದೇಶವಿತ್ತು. ಅದಕ್ಕಾಗಿ ಕಂಪೈಲರ್ ಆ ಫೈಲು ಯಾವ ಫೋಲ್ಡರಿನಲ್ಲಿತ್ತೋ ಆ ಪೂರ್ತಿ ವಿಳಾಸವನ್ನು ಪ್ರೋಗ್ರಾಮಿನ ಮುಂಭಾಗದಲ್ಲೇ ಬರೆದಿಡುತ್ತದೆ. ಹಿಂಭಾಗ ಕತ್ತರಿಸಿದರೂ ಅದು ಹೋಗುವುದಿಲ್ಲ. ಆಸ್ಪತ್ರೆಯ ಪ್ರತಿಯಲ್ಲಿ ಆ ವಿಳಾಸ ಚಿಕ್ಕದಾಗಿತ್ತು: ಭಾವನ ಹಳೇ ಲ್ಯಾಪ್‌ಟಾಪಿನ ಒಂದು ಫೋಲ್ಡರ್. ಹೊಸ ಪ್ರತಿಯಲ್ಲಿ ಬೆಳಿಗ್ಗೆ ಗಾಬರಿಯಲ್ಲಿ ಮಾಡಿಕೊಂಡ ಫೋಲ್ಡರಿನ ಹೆಸರು ಉದ್ದಕ್ಕೆ ಮಲಗಿತ್ತು: ‘ತುರ್ತು-ಆಸ್ಪತ್ರೆ-ಅಮ್ಮನ-ಯಂತ್ರ-ಯಾರೂ-ಅಳಿಸಬೇಡಿ’.

ಪುಟ್ಟಿ ಆ ಹೆಸರಿನ ಅಕ್ಷರಗಳನ್ನು ಎಣಿಸಿದಳು.

“ಭಾವ, ಬನ್ನಿ ಇಲ್ಲಿ. ನಮ್ಮದರಲ್ಲಿ ಪ್ರತಿ ಫೈಲಿನ ಕೋಡ್ ಆದ ಮೇಲೆ ಅದರ ಸಂದೇಶಗಳು, ಆಮೇಲೆ ಮುಂದಿನ ಫೈಲಿನ ಕೋಡ್, ಹೀಗೇ ತಾನೇ ಸಾಲಾಗಿ ಕೂರೋದು?”

“ಹೌದು. ಜಾಗ ಉಳಿಸೋಕೆ ನಾನೇ ಹಾಗೆ ಜೋಡಿಸಿದ್ದು.”

“ಫೋಲ್ಡರ್ ಹೆಸರು ಉದ್ದ ಆದ್ರೆ?”

ಭಾವನಿಗೆ ವಿವರಿಸಿ ಹೇಳಬೇಕಾಗಿರಲಿಲ್ಲ. ಒಂದು ಬೀದಿಯಲ್ಲಿ ಪ್ರತಿ ಮನೆಯವರೂ ಜಗಲಿಯನ್ನು ಒಂದೊಂದು ಮೊಳ ಮುಂದಕ್ಕೆ ಚಾಚಿದರೆ, ಮೊದಲನೇ ಮನೆ ಇದ್ದಲ್ಲೇ ಇರುತ್ತದೆ. ಎರಡನೆಯದು ಒಂದು ಮೊಳ ಸರಿಯುತ್ತದೆ. ಬೀದಿಯ ಕೊನೆಗೆ ಹೋಗುವಷ್ಟರಲ್ಲಿ ಮನೆಗಳೇ ಪಲ್ಲಟವಾಗಿರುತ್ತವೆ. ಮುಖ್ಯ ಸುತ್ತು, ಗುಂಡಿ ಎರಡೂ ಬೀದಿಯ ಬಾಯಿಯಲ್ಲಿದ್ದವು, ಅವುಗಳ ಹೆಸರು ಸರಿಯಾಗಿಯೇ ಬಂದಿತ್ತು. ಸತ್ತ ಮನೆ ಬೀದಿಯ ಆ ತುದಿಯಲ್ಲಿತ್ತು. ಅದರ ಬಾಗಿಲಿಗೆ ಬೇರೆ ಯಾರದೋ ಹೆಸರು ಅಂಟಿಕೊಂಡಿತ್ತು.

“ಅಂದ್ರೆ ಗುಳ್ಳೆ ಅಲ್ಲ,” ಎಂದಳು ಪುಟ್ಟಿ. “ಯಾವುದು ಅಂತ ಗೊತ್ತಿಲ್ಲ. ಆದ್ರೆ ಗುಳ್ಳೆ ಅಲ್ಲ. ನೀವು ಕಳಿಸಿದ್ದನ್ನ ಹಾಕಿದ್ರೆ ಯಂತ್ರ ಸಾಯೋದು ಸಾಯುತ್ತೆ, ಮೇಲಿಂದ ಗಾಳಿ ಕಾಯೋನೂ ಅರ್ಧ ನಿದ್ದೇಲಿರ್ತಾನೆ.”

“ಇರಬಹುದು. ಇರಬಹುದು ಅಂದೆ! ಖಾತ್ರಿ ಏನು? ಅಲ್ಲಿ ಅವಳಿಗೆ ಉಸಿರು ಹೋಗ್ತಿದೆ. ಹಾಕದೇ ಇದ್ರೆ ಏನಾಗುತ್ತೆ ಅನ್ನೋದು ಮಾತ್ರ ಖಾತ್ರಿ ಗೊತ್ತು ನನಗೆ.”

“ತಡೀರಿ ಅಂತ ಸ್ಪ್ಯಾನರ್‌ಗೆ ಹೇಳಿ.”

“ನಿನಗೇನು, ಅವಳು ನಿನ್ನ ತಾಯಿಯೇ?”

ಮಾತು ಬಾಯಿಂದ ಜಾರಿದ್ದೇ ಅವರು ನಾಲಿಗೆ ಕಚ್ಚಿಕೊಂಡರು. ಪುಟ್ಟಿಗೆ ಆ ಮಾತು ಚುಚ್ಚುವಷ್ಟು ಪುರುಸೊತ್ತಿರಲಿಲ್ಲ. ಭಾವನ ಮೇಜಿನ ಮೇಲಿದ್ದ ಫೋನನ್ನು ಅವರ ಕಣ್ಣೆದುರೇ ಎತ್ತಿಕೊಂಡು ವಾರ್ಡಿಗೆ ಹಚ್ಚಿದಳು. ಮೂರು ಸಲ ಹೊಡೆದುಕೊಂಡ ಮೇಲೆ ಸಿಸ್ಟರ್ ಎತ್ತಿದರು.

“ಸಿಸ್ಟರ್, ಪುಟ್ಟಿ ಮಾತಾಡ್ತಿರೋದು. ನಾಲ್ಕನೇ ಯಂತ್ರಕ್ಕೆ ಯಾರನ್ನೂ ಹಾಕಬೇಡಿ.”

“ನಿಮ್ಮವರೇ ಈಗಷ್ಟೇ ಎಲ್ಲ ಸರಿಯಾಯ್ತು ಅಂದ್ರಲ್ಲ? ನಳಿಕೆ ಜೋಡಿಸಿ ಆಯ್ತು. ಅಮ್ಮನ ತೋಳಿಗೆ ಸೂಜಿಯೂ ಹಾಕಿದೀವಿ.”

“ರಕ್ತ ಹೊರಗೆ ಬಂದಿದೆಯಾ?”

“ಇನ್ನೂ ಇಲ್ಲ. ಇನ್ನೇನು ಪಂಪ್ ಒತ್ತಬೇಕು.”

“ಒತ್ತಬೇಡಿ. ಸೂಜಿ ಹಾಗೇ ಇರಲಿ, ಯಂತ್ರಕ್ಕೆ ಜೋಡಿಸಬೇಡಿ. ಇದರಲ್ಲಿ ಗಾಳಿಗುಳ್ಳೆ ಕಾವಲು ಪೂರ್ತಿ ಇಲ್ಲ.”

ಸಿಸ್ಟರ್ ಬಹಳ ನಿಧಾನವಾಗಿ ಹೇಳಿದರು: “ಒಂದು ಮನೆಯವರು ಇಬ್ಬರು. ಒಬ್ಬರು ಹಾಕಿ ಅಂತೀರಿ, ಒಬ್ಬರು ಬೇಡ ಅಂತೀರಿ. ನಾನು ಯಾರ ಮಾತು ಕೇಳಲಿ? ನಿಮ್ಮ ಭಾವನವರಿಗೆ ಕೊಡಿ.”

ಪುಟ್ಟಿ ಫೋನನ್ನು ಚಾಚಿದಳು. ಕೆಳಗೆ ಮುದ್ರಣ ಯಂತ್ರ ಶುರುವಾಗಿ, ಮೇಜಿನ ಮೇಲಿನ ಲೋಟ ಸಣ್ಣಗೆ ಟಣಟಣ ಎನ್ನತೊಡಗಿತು. ಭಾವ ಫೋನನ್ನು ನೋಡಿದರು, ಪುಟ್ಟಿಯ ಪರದೆಯ ಮೇಲೆ ಉದ್ದಕ್ಕೆ ಮಲಗಿದ್ದ ತಮ್ಮದೇ ಫೋಲ್ಡರಿನ ಹೆಸರನ್ನು ನೋಡಿದರು. ಕೈ ಚಾಚಿ ತೆಗೆದುಕೊಂಡರು.

“ಸಿಸ್ಟರ್, ಅವಳು ಹೇಳಿದ್ದೇ ಸರಿ. ನಾನು ಹೇಳಿದ್ದು ತಪ್ಪು. ಹಳೇ ಪ್ರೋಗ್ರಾಮನ್ನೇ ವಾಪಸು ಹಾಕೋಕೆ ನಮ್ಮವನಿಗೆ ಹೇಳಿ. ಸ್ವಲ್ಪ ಹೊತ್ತು ಕೊಡಿ ನಮಗೆ.”

“ಸ್ವಲ್ಪ ಅಂದ್ರೆ ಎಷ್ಟು?”

“ಗೊತ್ತಿಲ್ಲ,” ಎಂದರು ಭಾವ.

ಈಗ ಕೆಲಸ ಒಂದೇ. ಆಸ್ಪತ್ರೆಯ ಪ್ರತಿಯ ಒಡಲಿನಲ್ಲಿದ್ದ ಹಳೇ ವಿಳಾಸವನ್ನು ಪುಟ್ಟಿ ಅಕ್ಷರ ಬಿಡದೆ ನಕಲು ಮಾಡಿಕೊಂಡಳು. ಆ ಲ್ಯಾಪ್‌ಟಾಪಿನಲ್ಲಿ ಈಗ ಆ ಫೋಲ್ಡರಿಲ್ಲ. ಆದರೆ ಕಂಪೈಲರಿಗೆ ಲ್ಯಾಪ್‌ಟಾಪ್ ಬೇಕಿಲ್ಲ, ಅದೇ ಹೆಸರಿನ ಫೋಲ್ಡರ್ ಇದ್ದರೆ ಸಾಕು. ತನ್ನ ಕಂಪ್ಯೂಟರಿನಲ್ಲಿ ಭಾವನ ಹೆಸರಿನ ಒಂದು ಜಾಗ ಮಾಡಿ, ಅದರೊಳಗೆ ಅದೇ ಫೋಲ್ಡರ್, ಅದರೊಳಗೆ ಇನ್ನೊಂದು. ಭಾವ ಪಕ್ಕದಲ್ಲಿ ನಿಂತು ಸೋರ್ಸ್ ತೆಗೆದುಕೊಟ್ಟರು, ಕಂಪೈಲರ್ ತಂದಿಟ್ಟರು.

“ಪ್ರೋಗ್ರಾಮಿನೊಳಗೆ ಕಂಪೈಲ್ ಮಾಡಿದ ದಿನಾಂಕ ಎಲ್ಲಾದ್ರೂ ಬರುತ್ತಾ?” ಎಂದಳು.

“ಇಲ್ಲ. ಆವೃತ್ತಿ ಸಂಖ್ಯೆ ಮಾತ್ರ. ಅದನ್ನ ಕೈಯಲ್ಲೇ ಬರೀತೀನಿ.”

“ಹಾಗಾದ್ರೆ ಅಕ್ಷರಕ್ಕಕ್ಷರ ಹೊಂದಬಹುದು. ದೇವರಿದಾನೆ.”

“ಇದ್ದಾನೋ ಇಲ್ವೋ, ಮೊದಲು ಒತ್ತು.”

ಒತ್ತಿದಳು. ಪರದೆಯ ಮೇಲೆ ಫೈಲಿನ ಹೆಸರುಗಳು ಒಂದೊಂದೇ ಸರಿಯತೊಡಗಿದವು. ದಿನಾ ನೋಡುವ ದೃಶ್ಯವೇ. ಬೇರೆ ದಿನವಾದರೆ ಇಬ್ಬರೂ ಎದ್ದು ಚಹಾಕ್ಕೆ ಹೋಗುತ್ತಿದ್ದರು. ಇವತ್ತು ಭಾವ ಪ್ರತಿ ಹೆಸರನ್ನೂ ತುಟಿಯಲ್ಲೇ ಓದುತ್ತಿದ್ದರು. ಅಕ್ಕನ ಕರೆ ಬಂತು. ಪುಟ್ಟಿ ಎತ್ತಿ, “ಬಂದೆ, ಬಂದೆ,” ಎಂದಷ್ಟೇ ಹೇಳಿದಳು. ಅಕ್ಕ ಬೈಯಲಿಲ್ಲ. ಅಕ್ಕ ಬೈಯದಿದ್ದುದೇ ಹೆದರಿಕೆ ತರಿಸಿತು.

ಕಂಪೈಲ್ ಮುಗಿಯಿತು. ಹಿಂಭಾಗ ಕತ್ತರಿಸಿ, ಉಳಿದ ಮುಂಭಾಗವನ್ನು ಆಸ್ಪತ್ರೆಯ ಪ್ರತಿಯ ಜೊತೆ ಹೋಲಿಸಲು ಕೊಟ್ಟಳು. ವ್ಯತ್ಯಾಸವಿದ್ದರೆ ಪರದೆ ತುಂಬ ಅಂಕಿಗಳು ಸುರಿಯುತ್ತವೆ. ಇಲ್ಲದಿದ್ದರೆ ಏನೂ ಬರುವುದಿಲ್ಲ.

ಏನೂ ಬರಲಿಲ್ಲ.

“ಕೆಟ್ಟುಹೋಯ್ತಾ?” ಎಂದರು ಭಾವ, ತಮಗೇ ಗೊತ್ತಿದ್ದೂ.

ಪುಟ್ಟಿ ಎರಡರ ಗುರುತನ್ನೂ ತೆಗೆದು ಒಂದರ ಕೆಳಗೊಂದು ಇಟ್ಟಳು. ಉದ್ದುದ್ದ ಅಕ್ಷರಮಾಲೆ, ಭಾವ ಬೆರಳಿಟ್ಟು ಕೊನೆಯವರೆಗೂ ಓದಿದರು. ಒಂದೇ ಆಗಿತ್ತು. ಈ ಸಲ ಡೀಬಗರಿಗೆ ಸಿಂಬಲ್ ಫೈಲು ಕೊಟ್ಟಾಗ ಅದು ತಕರಾರು ಎತ್ತಲಿಲ್ಲ. ಒತ್ತಾಯ ಮಾಡುವ ಪ್ರಮೇಯವೇ ಬರಲಿಲ್ಲ.

ಮೂರು ಹೆಸರು ಮತ್ತೆ ಬಂದವು. ಮುಖ್ಯ ಸುತ್ತು. ಗುಂಡಿ. ತುದಿಯಲ್ಲಿ ಗುಳ್ಳೆ ಇರಲಿಲ್ಲ. ಗುಳ್ಳೆಯಿಂದ ಮೂರು ಮನೆ ಆಚೆಗೆ, ರಕ್ತದೊತ್ತಡದ ಅಳತೆಗಳನ್ನು ಬರೆದಿಡುವ ಭಾಗ ನಿಂತಿತ್ತು. ಸಾಲು ಸಂಖ್ಯೆಯೂ ಬಂತು: ಹೊಸ ಅಳತೆಯನ್ನು ಪಟ್ಟಿಯಲ್ಲಿ ಕೂರಿಸುವ ಸಾಲು. ಪಟ್ಟಿಯಲ್ಲಿ ಆಗ ಎಷ್ಟು ತುಂಬಿತ್ತು ಎಂಬುದೂ ಕಂಡಿತು. ಮೂವತ್ತೆರಡು.

“ಪಟ್ಟಿ ಹಿಡಿಸೋದು ಎಷ್ಟು?”

“ಮೂವತ್ತೆರಡು,” ಎಂದರು ಭಾವ. “ಮೂವತ್ತಮೂರನೇದು ಬಂದ್ರೆ... ಅಯ್ಯೋ. ನಾನು ಬರೆದಾಗ ಅರ್ಧ ಗಂಟೆಗೊಮ್ಮೆ ಬಿ.ಪಿ. ನೋಡ್ತಿದ್ರು. ನಾಲ್ಕು ಗಂಟೆ ಚಿಕಿತ್ಸೆಗೆ ಹತ್ತು ದಾಟ್ತಿರಲಿಲ್ಲ. ಮೂವತ್ತೆರಡು ಅಂದ್ರೆ ಧಾರಾಳ ಅಂದ್ಕೊಂಡಿದ್ದೆ.”

ಪುಟ್ಟಿ ಆಗಲೇ ಫೋನು ಹಚ್ಚಿದ್ದಳು. “ಸಿಸ್ಟರ್, ಬೆಳಿಗ್ಗೆ ನಿಂತ ಎರಡು ಯಂತ್ರದಲ್ಲಿ ಬಿ.ಪಿ. ಜಾಸ್ತಿ ಸಲ ನೋಡ್ತಿದ್ರಾ?”

“ನೋಡ್ತಿದ್ವಿ. ಅವರಿಬ್ಬರಿಗೂ ಬಿ.ಪಿ. ಕುಸಿಯುತ್ತೆ. ಐದೈದು ನಿಮಿಷಕ್ಕೆ ಒತ್ತಿ ನೋಡಿ ಅಂತ ಡಾಕ್ಟ್ರು ಈ ವಾರದಿಂದ ಹೇಳಿದಾರೆ. ಯಾಕೆ?”

“ನಿಂತಾಗ ಆ ಗುಂಡಿ ಒತ್ತಿದ್ರಾ?”

ಸಿಸ್ಟರ್ ಯೋಚಿಸಿದರು. ಪಕ್ಕದಲ್ಲಿದ್ದ ಇನ್ನೊಬ್ಬ ನರ್ಸನ್ನು ಏನೋ ಕೇಳಿದರು. “ಹೌದು ಮೇಡಂ. ಎರಡು ಸಲವೂ. ನಾವು ಒತ್ತಿದ್ದಕ್ಕೇ ನಿಂತು ಹೋಯ್ತೇನೋ ಅಂತ ಅವಳು ಅಳ್ತಾ ಕೂತಿದ್ದಳು ಬೆಳಿಗ್ಗೆಯಿಂದ. ಏನಿಲ್ಲ ಸುಮ್ನಿರೇ ಅಂತ ನಾನೇ ಗದರಿದ್ದೆ.”

“ಅವರಿಗೆ ಹೇಳಿ, ತಪ್ಪು ಅವರದಲ್ಲ, ನಮ್ಮದು. ಈಗ ನಾಲ್ಕನೇ ಯಂತ್ರದಲ್ಲಿ ಹಳೇದು ವಾಪಸು ಬಂದಿದೆಯಾ?”

ಸ್ಪ್ಯಾನರ್ ಫೋನಿಗೆ ಬಂದ. “ಬಂದಿದೆ ಮೇಡಂ. ಗುಳ್ಳೆ ಪರೀಕ್ಷೆ ಎರಡೂ ಆಯ್ತು, ದೊಡ್ಡದಕ್ಕೂ ಮುಚ್ಕೊಳ್ತು, ನೊರೆಗೂ ಮುಚ್ಕೊಳ್ತು. ಇನ್ನೊಂದು ಸಲ ಬದಲಾಯಿಸಿ ಅಂದ್ರೆ ಮಾತ್ರ ನಾನೇ ಆ ಹಾಸಿಗೇಲಿ ಮಲಗಿಬಿಡ್ತೀನಿ.”

“ಮಲಗಬೇಡಿ, ಜಾಗ ಇಲ್ಲ. ಸಿಸ್ಟರ್‌ಗೆ ಕೊಡಿ.” ಪುಟ್ಟಿ ಒಂದೊಂದೇ ಮಾತು ಬಿಡಿಸಿ ಹೇಳಿದಳು: ಯಂತ್ರದ ಬಿ.ಪಿ. ಗುಂಡಿ ಮುಟ್ಟಬಾರದು, ತಾನಾಗಿ ಅಳೆಯುವುದನ್ನೂ ಆರಿಸಬೇಕು, ಬಿ.ಪಿ. ನೋಡುವ ಬೇರೆ ತೋಳುಪಟ್ಟಿ ಕಟ್ಟಿ, ಕೈಯಲ್ಲಿ ಒತ್ತಿ, ಕಿವಿಯಲ್ಲಿ ಕೇಳಿ ನೋಡಿಕೊಳ್ಳಬೇಕು. ಹಾಗಿದ್ದರೆ ಯಂತ್ರದೊಳಗಿನ ಅಳತೆಗಳ ಪಟ್ಟಿ ತುಂಬುವುದೇ ಇಲ್ಲ, ಯಂತ್ರ ಈ ಕಾರಣಕ್ಕೆ ನಿಲ್ಲುವುದಿಲ್ಲ.

“ಬರೆದು ಕೊಡ್ತೀರಾ? ಡಾಕ್ಟ್ರು ಕೇಳ್ತಾರೆ.”

“ಬರೆದು ಕೊಡ್ತೀವಿ.”

ಬರೆದದ್ದು ಭಾವ. ಮಧ್ಯಾಹ್ನ ತಾವು ಕಳಿಸಿದ ಬದಲಾವಣೆ ತಪ್ಪು ಎಂಬುದನ್ನು ಮೊದಲ ಸಾಲಿನಲ್ಲೇ ಹಾಕಿದರು. ಪುಟ್ಟಿಗೆ ತೋರಿಸಿ, ಅವಳು ಓದಿ ತಲೆಯಾಡಿಸಿದ ಮೇಲೆ ಕಳಿಸಿದರು. ಡಾಕ್ಟರು ಓದಿ, ಎರಡು ಪ್ರಶ್ನೆ ಕೇಳಿ, ಒಪ್ಪಿದರು.

ಅಕ್ಕ ಫೋನನ್ನು ಅತ್ತೆಯ ಹಾಸಿಗೆಯ ಪಕ್ಕದಲ್ಲಿಟ್ಟು ಹಾಗೇ ಬಿಟ್ಟಳು. ಪಂಪು ತಿರುಗುವ ಸದ್ದು ಆಫೀಸಿನ ಕೋಣೆ ತುಂಬಿತು, ನಿಧಾನವಾಗಿ, ಒಂದೇ ಹದಕ್ಕೆ. ನಡುನಡುವೆ ಸಿಸ್ಟರ್ ತೋಳುಪಟ್ಟಿ ಊದಿಸುವ ಸದ್ದು, ಆಮೇಲೆ ಗಾಳಿ ಬಿಡುವ ಸದ್ದು, ಸಂಖ್ಯೆ ಹೇಳುವ ದನಿ. ಭಾವ ಪ್ರತಿ ಸಲವೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಬಾಯಲ್ಲಿ ವಿವರಣೆ ಹೇಳಿ ಒಪ್ಪಿಸುವುದು ಬೇರೆ. ಮೈಯಿಂದ ಹೊರಗೆ ಹರಿಯುತ್ತಿರುವ ತಾಯಿಯ ರಕ್ತವನ್ನು ಆ ವಿವರಣೆಯ ಮೇಲೆ ಬಿಟ್ಟು ಕೂರುವುದು ಬೇರೆ. ವಿವರಣೆ ಸರಿಯೇ ಎಂದು ಪುಟ್ಟಿ ಇನ್ನೊಮ್ಮೆ ಮೊದಲಿನಿಂದ ನೋಡಿದಳು. ಆಮೇಲೆ ಆಫೀಸಿನ ಯಂತ್ರದಲ್ಲಿ ಹಳೇ ಪ್ರೋಗ್ರಾಂ ಹಾಕಿ, ಬಿ.ಪಿ. ಗುಂಡಿಯನ್ನು ಎಣಿಸಿ ಒತ್ತುತ್ತಾ ಹೋದಳು. ಮೂವತ್ತಮೂರನೆಯದಕ್ಕೆ ಪರದೆ ಕಪ್ಪಾಯಿತು. ಪಂಪು ನಿಂತಿತು. ಕ್ಲಾಂಪ್ ಟಪ್ಪೆಂದು ಮುಚ್ಚಿಕೊಂಡಿತು.

ಭಾವ ಗಾಬರಿಯಿಂದ ಫೋನಿನ ಕಡೆ ತಿರುಗಿದರು. ಅಲ್ಲಿ ಪಂಪು ತಿರುಗುತ್ತಲೇ ಇತ್ತು.

“ನಿಂತಿದ್ದು ನಮ್ಮದು,” ಎಂದಳು ಪುಟ್ಟಿ.

ಅವರು ಗೋಡೆಗೆ ಒರಗಿ, ಜಾರಿ, ನೆಲದ ಮೇಲೇ ಕೂತರು. “ಆವಾಗ ಅಂದೆನಲ್ಲ, ನಿನ್ನ ತಾಯಿಯೇ ಅಂತ,” ಎಂದು ಶುರುಮಾಡಿದರು.

“ಮೊದಲು ಎದ್ದೇಳಿ ಭಾವ. ಇದೇ ಪ್ರೋಗ್ರಾಂ ಬೇರೆ ಆಸ್ಪತ್ರೆಗಳಲ್ಲಿ ಇಲ್ವಾ?”

ಇತ್ತು. ಸರ್ವರ್ ಕೆಟ್ಟಿದ್ದ ವಾರದಲ್ಲಿ ಇನ್ನೂ ಕೆಲವು ಕಡೆಗೆ ಅದನ್ನೇ ಕೊಟ್ಟಿದ್ದರು. ಅಲ್ಲೆಲ್ಲೂ ಈವರೆಗೆ ಐದೈದು ನಿಮಿಷಕ್ಕೆ ಬಿ.ಪಿ. ನೋಡುವ ಡಾಕ್ಟರು ಬಂದಿರಲಿಲ್ಲ. ನಾಳೆ ಬರಬಹುದು, ಈಗಲೇ ಬಂದಿರಬಹುದು. ಭಾವ ಎದ್ದು, ಮುಖ ಒರೆಸಿಕೊಂಡು, ಮೊದಲ ಆಸ್ಪತ್ರೆಗೆ ಹಚ್ಚಿದರು. “ನಮಸ್ಕಾರ. ನಮ್ಮ ಯಂತ್ರದ ಪ್ರೋಗ್ರಾಮಿನಲ್ಲಿ ಒಂದು ದೋಷ ಇದೆ. ನಾನೇ ಬರೆದದ್ದು. ಸ್ವಲ್ಪ ಬರ್ಕೊಳ್ತೀರಾ...”

ಎರಡನೆಯದು, ಮೂರನೆಯದು; ಒಂದೊಂದು ಕಡೆಯೂ ಜವಾಬ್ದಾರಿಯವರು ಫೋನಿಗೆ ಸಿಗುವಷ್ಟರಲ್ಲಿ ಗಂಟೆ ಕಳೆಯಿತು. ಒಂದು ಕಡೆ ಅವರನ್ನು ಚೆನ್ನಾಗಿ ಬೈದರು. ಬೈಸಿಕೊಂಡು, ಪೂರ್ತಿ ಹೇಳಿ ಮುಗಿಸಿಯೇ ಇಟ್ಟರು.

ನಾಲ್ಕನೆಯ ಕರೆಯಲ್ಲಿದ್ದಾಗ ಪುಟ್ಟಿಯ ಫೋನಿನಲ್ಲಿ ಪಂಪಿನ ಸದ್ದು ನಿಂತಿತು. ಅವಳು ಫೋನನ್ನು ಕಸಿದು ಕಿವಿಗೆ ಒತ್ತಿಕೊಂಡಳು.

“ಅಕ್ಕ? ಅಕ್ಕ!”

“ಮುಗೀತು ಕಣೇ,” ಎಂದಳು ಅಕ್ಕ. “ಸಿಸ್ಟರೇ ನಿಲ್ಲಿಸಿದ್ರು. ರಕ್ತವೆಲ್ಲ ವಾಪಸು ಹೋಯ್ತು. ಸೂಜಿ ತೆಗೀತಿದಾರೆ. ಸಿಸ್ಟರ್ ತಮ್ಮ ತೋಳು ತೋರಿಸಿ, ಊದಿಸಿ ಊದಿಸಿ ಬಿದ್ದೇ ಹೋಯ್ತು ಅಂತ ನಮ್ಮನೆ ಮೇಲೆ ಕೇಸು ಹಾಕ್ತಾರಂತೆ. ಅತ್ತೆ ನಗ್ತಿದಾರೆ, ಕೇಳಿಸ್ತಾ?”

ಪುಟ್ಟಿ ಭಾವನ ಎದುರು ಹೋಗಿ ನಿಂತಳು. ಅವರು ಕಣ್ಣಲ್ಲೇ ಕೇಳಿದರು. ಅವಳು ದನಿ ಹೊರಡಿಸದೆ ತುಟಿಯಲ್ಲೇ “ಮುಗೀತು, ಆರಾಮ” ಎಂದಳು.

ಭಾವ ತಲೆಯಾಡಿಸಿ, ಫೋನಿನಲ್ಲಿ ಮಾತು ಮುಂದುವರಿಸಿದರು. “ಹೌದು, ಆ ಗುಂಡಿ ಒತ್ತಬೇಡಿ. ಬೇರೆ ತೋಳುಪಟ್ಟಿಯಲ್ಲೇ ನೋಡಿ. ಇಲ್ಲ, ಗುಳ್ಳೆಯ ಕಾವಲು ಸರಿಯಾಗಿದೆ, ಅದನ್ನ ಮಾತ್ರ ಯಾರೂ...” ಅಲ್ಲಿಗೆ ನಿಲ್ಲಿಸಿ, “ಒಂದ್ನಿಮಿಷ ಇರಿ,” ಎಂದು ಫೋನನ್ನು ಎದೆಗೆ ಒತ್ತಿ ಹಿಡಿದು ಗೋಡೆಯ ಕಡೆ ತಿರುಗಿ ನಿಂತರು.

ಪುಟ್ಟಿ ಫೋನನ್ನು ಅವರ ಕೈಯಿಂದ ಬಿಡಿಸಿಕೊಂಡು, “ಹಲೋ, ಹೇಳಿ, ಎಲ್ಲಿವರೆಗೆ ಬರ್ಕೊಂಡ್ರಿ?” ಎಂದಳು.